ಮೂರನೇ ಬದಿಯ ಅಳತೆ

ಕೆರೆಯನ್ನು ಮುಚ್ಚಿ ಕಾರ್ಖಾನೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಎಂಬತ್ತು ಹೆಕ್ಟೇರ್ ಮೀರಿದ ಕೆರೆಯನ್ನು ಯಾರೂ ಮುಟ್ಟುವಂತಿಲ್ಲ ಎನ್ನುತ್ತದೆ ಕಾನೂನು. ಅಧಿಕಾರಿಯೋ ದಡದಲ್ಲೇ ನಿಂತು ಎಪ್ಪತ್ತೆಂಟು ಎಂದು ಬರೆದುಬಿಟ್ಟಿದ್ದ! ಆಕ್ಷೇಪಣೆಗೆ ಇವತ್ತು ಸಂಜೆ ಐದೇ ಕೊನೆ. ಆ ನೀರಲ್ಲೇ ಮೀನು ಹಿಡಿದು ಬದುಕುವ ಅಣ್ಣ, ಭೂಮಾಪನ ಕಲಿತ ತಂಗಿ, ಐವತ್ತು ಮೀಟರಿನ ಹಗ್ಗ ಹೆಗಲಿಗೇರಿಸಿ ಬೆಳಗ್ಗೆಯೇ ಹೊರಟರು. ಅವನದ್ದು ಅವನು ಬರೆದುಕೊಳ್ಳಲಿ, ನಮ್ಮದು ನಾವು ಅಳೆಯೋಣ ಎಂದಳು ತಂಗಿ.

ಗೆರೆ ಎಳೆದಂಥ ಮೂರು ಬದಿಯ ಕೆರೆ ಅದು. ಎರಡು ಬದಿ ಗಟ್ಟಿ ನೆಲ. ತಂಗಿಯೇ ಎಣಿಸಿದಳು: ಒಂದು ಸಾವಿರದ ನಾನೂರು ಮೀಟರ್, ಇನ್ನೊಂದು ಸಾವಿರದ ಐನೂರು. ಮೂರನೆಯದರಲ್ಲಿ ಆಳೆತ್ತರದ ಜೊಂಡು, ಅಡಿಯಲ್ಲಿ ಬರೀ ಕೆಸರು. ಅಣ್ಣ ಮುಂದೆ ನುಗ್ಗಿ, ಹಗ್ಗಕ್ಕೊಂದು ಗೂಟ ನೆಡುತ್ತ ಎಣಿಸತೊಡಗಿದ. ತಂಗಿ ಹಿಂದಿನ ತುದಿ ಹಿಡಿದಳು.

ತಟ್ಟನೆ ಅವಳ ಕಾಲು ಕುಸಿಯಿತು. ಸೊಂಟದವರೆಗೆ ಕೆಸರು.

"ಒದ್ದಾಡಬೇಡ. ಹಗ್ಗ ಬಿಡಬೇಡ," ಎಂದ ಅಣ್ಣ.

ಎಳೆದ. ಮತ್ತೆ ಎಳೆದ. ಬಂದಳು.

ಮೂಲೆ ಮುಟ್ಟಿದಾಗ ಅಣ್ಣ ಇಪ್ಪತ್ತನಾಲ್ಕು ಹಗ್ಗ ಎಂದ. ಅಂದರೆ ಸಾವಿರದ ಇನ್ನೂರು ಮೀಟರ್. ಲೆಕ್ಕ ಹಾಕಿದರೆ ಎಪ್ಪತ್ತೊಂಬತ್ತು ಹೆಕ್ಟೇರೂ ತುಂಬಲಿಲ್ಲ. ತಂಗಿ ಅಣ್ಣನತ್ತ ತಿರುಗಿದಳು.

"ಹೇಗೆ ಎಣಿಸಿದೆ ಅಣ್ಣ?"

"ಮೀನು ಎಣಿಸೋ ಹಾಗೇನೇ. ಪ್ರತಿ ಹತ್ತಾದ ಮೇಲೆ ಒಂದು ಕೊಸರು, ಗಿರಾಕಿಗೆ ಪುಕ್ಕಟೆ. ಅದನ್ನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರಾ?"

ಅಯ್ಯೋ ಪುಣ್ಯಾತ್ಮ! ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಅದೇ ಕೆಸರಿನಲ್ಲಿ ಒಂದೊಂದು ಗೂಟವನ್ನೂ ಮುಟ್ಟಿ ಎಣಿಸುತ್ತ ವಾಪಸು ಬಂದರು. ಇಪ್ಪತ್ತಾರು. ಸಾವಿರದ ಮುನ್ನೂರು ಮೀಟರ್.

ದಡದಲ್ಲಿ ಕೂತು ನೂರು ಮೀಟರನ್ನು ಒಂದೆಂದು ಹಿಡಿದಳು; ನೂರು ಮೀಟರಿನ ಚೌಕವೆಂದರೆ ಒಂದು ಹೆಕ್ಟೇರ್. ತ್ರಿಭುಜದ ಪಾದ ಹದಿನಾಲ್ಕು, ಉಳಿದ ಬದಿಗಳು ಹದಿಮೂರು, ಹದಿನೈದು. ಎದುರು ಮೂಲೆಯಿಂದ ಪಾದಕ್ಕೆ ಇಳಿಯುವ ಲಂಬ ನಡುನೀರಿನ ಮೇಲೇ ಹಾಯುತ್ತದೆ. ಅಲ್ಲಿ ಹಗ್ಗ ಹಾಕುವ ಮಾತೇ ಇಲ್ಲ. ಇರಲಿ, ಅದು ಪಾದವನ್ನು x ಮತ್ತು 14 − x ಎಂದು ಎರಡು ಮಾಡುತ್ತದಲ್ಲ! ಎರಡೂ ಕಡೆಯ ಲಂಬಕೋನ ತ್ರಿಭುಜಗಳಿಗೆ ಎತ್ತರ ಒಂದೇ. ಹಾಗಾಗಿ 13² − x² = 15² − (14 − x)². ಬಿಡಿಸಿದರೆ x ಐದು, ಎತ್ತರ ಹನ್ನೆರಡು. ಹದಿನಾಲ್ಕು ಹನ್ನೆರಡರ ಗುಣಲಬ್ಧದಲ್ಲಿ ಅರ್ಧ, ಎಂಬತ್ತನಾಲ್ಕು ಹೆಕ್ಟೇರ್.

ನಾಲ್ಕೂ ಮುಕ್ಕಾಲಿಗೆ ಕಚೇರಿಗೆ ನುಗ್ಗಿದರು. ಹಳೆಯ ಲೆಕ್ಕವೇ ಸಾಕು, ಹೋಗಿ ಎಂದ ಅಧಿಕಾರಿ. ತಂಗಿ ಕದಲಲಿಲ್ಲ.

"ನಂಬಿಕೆ ಇಲ್ಲದಿದ್ರೆ ಈಗ್ಲೇ ಬನ್ನಿ ಸಾರ್. ಗೂಟಗಳು ಅಲ್ಲೇ ಇವೆ. ಹಗ್ಗದ ಒಂದು ತುದಿ ನೀವೇ ಹಿಡೀರಿ."

ಅಧಿಕಾರಿ ಇಬ್ಬರ ಮೈಮೇಲಿನ ಕೆಸರು ನೋಡಿದ. ಪೆನ್ಸಿಲ್ ಹಿಡಿದು ಎರಡು ಸಲ ಲೆಕ್ಕ ಮಾಡಿದ. ಆಮೇಲೆ ಎಪ್ಪತ್ತೆಂಟನ್ನು ಹೊಡೆದುಹಾಕಿ, ಎಂಬತ್ತನಾಲ್ಕು ಎಂದು ಬರೆದು ಮೊಹರು ಒತ್ತಿದ.

'ಅಳೆದವರು' ಎಂಬ ಜಾಗ ಖಾಲಿ ಇತ್ತು. ತಂಗಿ ಕಾಗದವನ್ನು ಅಣ್ಣನ ಮುಂದೆ ಸರಿಸಿದಳು. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, ಸಾವಕಾಶವಾಗಿ, ಪೂರ್ತಿ ಹೆಸರು ಬರೆದ.