ದಂಡು ಕರೆದ ಕಾಗದ

ಅಕ್ಟೋಬರ್ 1, ಬುಧವಾರ, ಬೆಳಿಗ್ಗೆ 9.40. ಕಾರ್ಲ್ಸ್‌ರುಹೆಯ ಪೊಲೀಸ್ ಠಾಣೆಗೆ ಲಿಂಡನ್‌ಹೋಫ್ ಹರಾಜು ಮನೆಯ ಯಜಮಾನಿ ಖುದ್ದಾಗಿ ಬಂದು ದೂರು ಕೊಟ್ಟರು. ಮರುದಿನ ಮಧ್ಯಾಹ್ನ ಮೂರಕ್ಕೆ ಹರಾಜಾಗಬೇಕಿದ್ದ ಒಂದು ಕಾಗದ ಗಾಜಿನ ಪೆಟ್ಟಿಗೆಯಿಂದ ಮಾಯವಾಗಿತ್ತು. ಇನ್ನೂರು ವರ್ಷಗಳ ಹಿಂದೆ, ಕರ್ನಾಟಕದ ಸೋನಗಿರಿ ಎಂಬ ಸಣ್ಣ ಸಂಸ್ಥಾನದ ದೊರೆ, ಮನೆಗೊಬ್ಬ ಆಳಿನಂತೆ ದಂಡು ಕೂಡಿಸಿ ಕಳಿಸಿರೆಂದು ಒಂದು ಹಳ್ಳಿಗೆ ಬರೆದು ರುಜು ಹಾಕಿದ ಆಜ್ಞಾಪತ್ರ ಅದು.

"ರಾಜನ ಕಾಗದವೇ!" ಇನ್‌ಸ್ಪೆಕ್ಟರ್ ಬ್ರೆಂಡ್ಲೆ ಕುರ್ಚಿಯಿಂದ ಎದ್ದೇ ಬಿಟ್ಟರು. ಒಂದು ತಿಂಗಳಿಂದ ಸೈಕಲ್ ಕಳ್ಳತನದ ಫೈಲುಗಳನ್ನೇ ತಿರುವಿ ಹಾಕುತ್ತಿದ್ದ ಮನುಷ್ಯನಿಗೆ ಹಬ್ಬದೂಟ ಬಡಿಸಿದಂತಾಯಿತು. 10.05ಕ್ಕೆ ಎಫ್‌ಐಆರ್ ದಾಖಲಾಯಿತು. ಜೊತೆಗೆ ಹೊರಟವಳು ಕಾನ್‌ಸ್ಟೇಬಲ್ ರಚನಾ. ಅಪ್ಪ ಅಮ್ಮ ಮೈಸೂರಿನವರು, ಇವಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು.

10.50ಕ್ಕೆ ಪಂಚನಾಮೆ ಶುರುವಾಯಿತು. ಗಾಜು ಒಡೆದಿರಲಿಲ್ಲ. ಬೀಗದ ನಾಲ್ಕು ಸ್ಕ್ರೂಗಳನ್ನು ಬಿಚ್ಚಿ, ಅಳತೆಯ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದರು. ಪಕ್ಕದಲ್ಲಿದ್ದ ಬೆಳ್ಳಿಯ ಬಾಕು, ಚಿನ್ನದ ಉಂಗುರ ಅಲ್ಲಲ್ಲೇ ಇದ್ದವು. ಕಾಗದವಿದ್ದ ಜಾಗದಲ್ಲಿ ಮಾತ್ರ ಬಾಡಿದ ಎರಡು ಎಲೆ, ಕಂದು ಬಣ್ಣದ ಒಂದು ಕಾಯಿ.

"ಕಸ. ಗುಡಿಸಲು ಹೇಳುತ್ತೇನೆ" ಎಂದು ಯಜಮಾನಿ ಕೈ ಚಾಚಿದರು.

"ಮುಟ್ಟಬೇಡಿ!" ರಚನಾ ಕೂಗಿದ್ದು ಹೊರಗಿನ ಬೀದಿಗೂ ಕೇಳಿಸಿರಬೇಕು. "ಸರ್, ಇದು ಎಲೆ ಅಡಿಕೆ. ದೊಡ್ಡ ವಸ್ತು ಎತ್ತಿಕೊಂಡ ಜಾಗವನ್ನು ಬರಿದು ಬಿಡಬಾರದು ಅಂತ ನಮ್ಮಲ್ಲಿ ಕೆಲವರು ಇಡುತ್ತಾರೆ. ಇವನು ಮಾರುವ ಕಳ್ಳನಲ್ಲ. ಕೈ ಮುಗಿದು ತೆಗೆದುಕೊಂಡು ಹೋದವನು."

ಬ್ರೆಂಡ್ಲೆ ಸಂದರ್ಶಕರ ಪುಸ್ತಕ ತರಿಸಿದರು. ಮಂಗಳವಾರ ಕಾಗದ ನೋಡಲು ಬಂದವರು ಅರವತ್ಮೂರು ಜನ. ಅವರಲ್ಲಿ ಒಬ್ಬರ ಸಾಲು ಮಾತ್ರ ದುಂಡು ದುಂಡಾಗಿ, ಅಲ್ಲಿ ಯಾರಿಗೂ ಓದಲು ಬಾರದ ಕನ್ನಡ ಲಿಪಿಯಲ್ಲಿತ್ತು. ರಚನಾ ಫೋಟೋ ತೆಗೆದು ತಾಯಿ ಕಾಂತಮ್ಮನಿಗೆ ಕಳಿಸಿದಳು. ನಿಮಿಷದೊಳಗೆ ಫೋನ್ ಬಂತು.

"ಏನೇ, ಮುತ್ತಿನಂಥಾ ಅಕ್ಷರ ಕಣೇ! ಚನ್ನಮಲ್ಲಪ್ಪ ನಿಜಲಿಂಗಪ್ಪ, ಹಿರೇಮಟ್ಟಿ ಅಂತಿದೆ. ಯಾರಿವ್ರು?"

"ಕಳ್ಳ ಇರ್ಬೋದು ಅಮ್ಮ. ಲೇಟರ್ ಹೇಳ್ತೀನಿ, ಡ್ಯೂಟಿ ಮೇಲಿದೀನಿ."

"ಹೋಗೇ, ಕಳ್ಳ ಯಾರಾದ್ರೂ ಹೆಸ್ರು, ಊರು ಬರ್ದಿಟ್ಟು ಹೋಗ್ತಾನಾ?"

ಹೆಸರು ಕೇಳುತ್ತಲೇ ಯಜಮಾನಿಯ ಮುಖ ಸಣ್ಣಗಾಯಿತು. ಇದೇ ಮನುಷ್ಯ ಎರಡು ಸಲ ಇ-ಮೇಲ್ ಬರೆದಿದ್ದ: "ಕಾಗದ ನಮ್ಮ ಊರಿನದು. ಮೂವತ್ತಾರು ವರ್ಷಗಳ ಹಿಂದೆ ನನ್ನ ತಂದೆ ಒಬ್ಬ ಸಂಶೋಧಕನಿಗೆ ನೋಡಲೆಂದು ಕೊಟ್ಟರು, ಅವನು ಹಿಂದಿರುಗಿಸಲಿಲ್ಲ. ತಂದೆಯೇ ಮಾರಿಕೊಂಡರೆಂದು ಊರು ಇವತ್ತಿಗೂ ಅವರನ್ನು ಕಳ್ಳನೆನ್ನುತ್ತದೆ. ಒಂದು ದಿನದ ಮಟ್ಟಿಗಾದರೂ ಕೊಡಿ." ಒಡೆತನದ ದಾಖಲೆ ತನ್ನಿ ಎಂದು ಹರಾಜು ಮನೆ ಉತ್ತರಿಸಿತ್ತು.

ನಿವಾಸಿಗಳ ವಿಳಾಸ ನೋಂದಾಯಿಸುವ ಆನ್‌ಮೆಲ್ಡುಂಗ್ ದಾಖಲೆಯಲ್ಲಿ ಸಂಜೆಯೊಳಗೆ ವಿಳಾಸ ಸಿಕ್ಕಿತು: ಸೇಂಟ್ ಲಿಯೋನ್-ರೋಟ್. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ನ್ಯಾಯಾಧೀಶರ ಶೋಧನಾ ಆದೇಶ ಕೈಗೆ ಬಂದಾಗ ಗುರುವಾರ ಬೆಳಿಗ್ಗೆ 8.45. ಕಚೇರಿಗೆ ಫೋನ್ ಮಾಡಿದರೆ, ಇಂದು ರಜೆ ಎಂಬ ಉತ್ತರ!

"ವಿಮಾನ!" ಬ್ರೆಂಡ್ಲೆ ಕಾರಿನ ಕೀಲಿ ಎತ್ತಿಕೊಂಡರು. "ಫ್ರಾಂಕ್‌ಫರ್ಟ್‌ಗೆ ಹೊರಡು."

"ಬೇಡ ಸರ್. ಇವತ್ತು ವಿಜಯದಶಮಿ. ಮನೆಯಲ್ಲೇ ಇರುತ್ತಾರೆ."

"ಇಲ್ಲದಿದ್ದರೆ?"

"ಇಲ್ಲದಿದ್ದರೆ ಸೈಕಲ್ ಫೈಲೆಲ್ಲ ನನಗೆ ಕೊಡಿ."

"ಕಾರು ಹತ್ತು" ಎಂದರು ಬ್ರೆಂಡ್ಲೆ. ಆಟೋಬಾನ್ ಹೆದ್ದಾರಿಯುದ್ದಕ್ಕೂ ಸೈರನ್ ಕೂಗುತ್ತಿತ್ತು. 9.38ಕ್ಕೆ ಬೆಲ್ ಒತ್ತಿದರು.

ಬಾಗಿಲು ತೆರೆದವರು ಪಂಚೆ ಉಟ್ಟ, ಐವತ್ತು ದಾಟಿದ ಮನುಷ್ಯ.

"ಚನ್ನಮಲ್ಲಪ್ಪ?"

"ಹೌದ್ರಿ."

"ಕಾಗದ ಎಲ್ಲಿ?"

"ಒಳಗೈತ್ರಿ. ನಾನಽ ತಂದೀನಿ."

ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಕಾಗದ, ಎದುರಿಗೆ ಲ್ಯಾಪ್‌ಟಾಪ್. ಪರದೆಯ ತುಂಬ ಹಿರೇಮಟ್ಟಿಯ ಜನ. ಅವರ ಮುಂದೆ ಕಟ್ಟೆಯ ಮೇಲೆ ಮುದುಕರೊಬ್ಬರು ಕೂತಿದ್ದರು.

"ಯಾಕೆ ಅಂಕಲ್ ಹಿಂಗ್ ಮಾಡಿದ್ರಿ?"

"ಇದರ ಬೆನ್ನಿಗೆ ದಂಡಿಗೆ ಹ್ವಾದವರ ಹೆಸರ ಬರದಾರಿ. ನಲವತ್ತೊಂದು. ಒಬ್ರೂ ತಿರುಗಿ ಬರಲಿಲ್ಲ. ದಸರಾದಾಗ ದೊರೆ ರುಜು ಊರಿಗೆ ತೋರಿಸಿ ಹೆಸರ ಕರೀತಿದ್ವಿ, ಅವರವರ ಮನಿಯವರು ಓಗೊಡತಿದ್ರು. ಕಾಗದ ಹ್ವಾದ ಮ್ಯಾಲೆ ಅದೂ ನಿಂತ್ ಹೋತು. ನಮ್ಮಪ್ಪಗ ಎಂಬತ್ತೆಂಟ್ರಿ. ಇನ್ನ ಒಂಬತ್ತ ಹೆಸರ ಉಳದಾವ. ಮುಗಿಸಾಕ ಬಿಡ್ರಿ, ಆಮ್ಯಾಲೆ ಎಲ್ಲಿ ಕರದ್ರೂ ಬರ್ತೀನಿ."

ರಚನಾ ಜರ್ಮನ್‌ನಲ್ಲಿ ಹೇಳಿದಳು. ಬ್ರೆಂಡ್ಲೆ ಗಡಿಯಾರ ನೋಡಿದರು. "ಒಂಬತ್ತೇ?"

"ಒಂಬತ್ತೇ ಸರ್."

ಅವರು ಗೋಡೆಗೆ ಒರಗಿ ನಿಂತರು.

ಚನ್ನಮಲ್ಲಪ್ಪ ಕಾಗದವನ್ನು ಮತ್ತೆ ಕ್ಯಾಮೆರಾಕ್ಕೆ ಹಿಡಿದರು. ಪರದೆಯಲ್ಲಿ ತಂದೆ ನಿಜಲಿಂಗಪ್ಪನವರ ದನಿ ನಡುಗುತ್ತಿತ್ತು, ಆದರೆ ಎಡವಲಿಲ್ಲ. "ಕಲ್ಲಪ್ಪ!" ಗುಂಪಿನಲ್ಲಿ ಒಬ್ಬ ಎದ್ದು, "ಓ, ಅದಾನ್ರೀ!" ಎಂದ. "ಗುರಪ್ಪ!" "ಓ, ಅದಾನ್ರೀ!" ಒಬ್ಬೊಬ್ಬರೂ ಏಳುತ್ತಿದ್ದಂತೆ ರಚನಾಳ ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಅವಳು ಒರೆಸಿಕೊಳ್ಳಲಿಲ್ಲ.

"ಚನ್ನಮಲ್ಲಪ್ಪ!"

ನಲವತ್ತೊಂದನೆಯ ಹೆಸರು ಅವರ ಮನೆಯದೇ, ಮಗನಿಗೆ ಇಟ್ಟದ್ದು ಆ ಹಿರಿಯನ ಹೆಸರು. ಊರಿನಲ್ಲಿ ಯಾರೂ ಏಳಲಿಲ್ಲ. ಮುದುಕರು ಪರದೆಯನ್ನೇ ದಿಟ್ಟಿಸಿದರು. ಸೇಂಟ್ ಲಿಯೋನ್-ರೋಟ್‌ನ ಮೂರನೇ ಮಹಡಿಯಲ್ಲಿ ಚನ್ನಮಲ್ಲಪ್ಪ ಎದ್ದು ನಿಂತು, ಕಿಟಕಿ ಅದುರುವಂತೆ, "ಓ, ಅದಾನ್ರೀ ಅಪ್ಪಾ!" ಎಂದರು.

ಅಲ್ಲಿ ಹಲಗೆ ಮೊಳಗಿತು. ಯಾರೋ ಬಂದು, ತಪ್ಪಾಯಿತೆಂದು ಮುದುಕರ ಕಾಲು ಹಿಡಿದರು, ಅವರ ಹಿಂದೆ ಇನ್ನೊಬ್ಬರು. ಆ ಗದ್ದಲದಲ್ಲೇ ಮುದುಕರು, "ನಿನ್ನ ಹಿಂದ ಯಾರಪಾ ಅವರು?" ಎಂದು ಕೇಳಿದರು.

"ಗೆಳ್ಯಾರಪ್ಪಾ. ಹಬ್ಬದ ಬನ್ನಿ ಕೊಡಾಕ ಬಂದಾರ."

ಮುದುಕರು ಬ್ರೆಂಡ್ಲೆಯತ್ತ ಎರಡೂ ಕೈ ಜೋಡಿಸಿದರು. ಬ್ರೆಂಡ್ಲೆ ಬೇಡಿ ಹಿಡಿದ ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ತಲೆ ಬಾಗಿಸಿದರು. ಚನ್ನಮಲ್ಲಪ್ಪ ಲ್ಯಾಪ್‌ಟಾಪ್ ಮುಚ್ಚಿ, ಕೈ ಮುಂದೆ ಚಾಚಿದರು.

ಬಂಧನದ ಸಮಯ 9.52. ಕಾಗದಕ್ಕೆ ಧಕ್ಕೆಯಿಲ್ಲ, ಮೊಹರು ಹಾಕಿ ನ್ಯಾಯಾಲಯದ ವಶಕ್ಕೆ ಕೊಡಲಾಯಿತು, ಹರಾಜು ನಿಂತಿತು. ವರದಿಯಲ್ಲಿ ಉದ್ದೇಶ ಎಂಬ ಅಂಕಣವನ್ನು ಬ್ರೆಂಡ್ಲೆ ಕೊನೆಗೆ ಉಳಿಸಿಕೊಂಡಿದ್ದರು. ಅಲ್ಲಿ ಹೀಗೆ ಬರೆದರು: ಲಾಭಕ್ಕಲ್ಲ. ತಂದೆಯ ಮೇಲೆ ಮೂವತ್ತಾರು ವರ್ಷಗಳಿಂದ ಇದ್ದ ಕಳ್ಳನೆಂಬ ಹೆಸರನ್ನು ಆರೋಪಿ ತನ್ನ ಮೇಲೆ ಹಾಕಿಕೊಂಡಿದ್ದಾನೆ.