ಇನ್ನೂರ ಹದಿನೆಂಟನೇ ಕೆಂಪು

ಭೂಮಿಯ ಮೇಲೆ ಇದುವರೆಗೆ ಖಡ್ಗ ಮಾಡಿಸಿಕೊಂಡವರಲ್ಲೆಲ್ಲ ಅತ್ಯಂತ ಪುಕ್ಕಲ ಯಾರು ಎಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕಾಗಿಲ್ಲ. ಅದು ಸೂಜಿ. ಪಕ್ಕಕ್ಕೆ ತಿರುಗಿ ನಿಂತರೆ ಮಾಯವಾಗುವಷ್ಟು ತೆಳ್ಳಗಿದ್ದ ಟೈಲರ್‌ಗೆ ಬೀದಿಯವರು ಇಟ್ಟಿದ್ದ ಹೆಸರು ಅದು. ಜಿರಳೆ ಕಂಡರೆ ಮೇಜು ಹತ್ತಿ ಅಕ್ಕನನ್ನು ಕೂಗುವ ಆಸಾಮಿ. ಅಂಥವನು ಒಂದು ಸೋಮವಾರ ಬೆಳಗ್ಗೆ ಕುಲುಮೆಗೆ ಹೋಗಿ, ಮೂರಡಿ ಉದ್ದದ, ಪೂರ್ತಿ ಕೈಯಲ್ಲೇ ಬಡಿದು ಮಾಡುವ, ಹಳೇ ಪದ್ಧತಿಯ ಖಡ್ಗಕ್ಕೆ ಆರ್ಡರ್ ಕೊಟ್ಟು ಬಂದ.

ಅವನು ಹೋಗಿದ್ದು ಕತ್ತರಿಗೆ ಸಾಣೆ ಹಿಡಿಸಲು.

ಆ ಕುಲುಮೆಯ ಶಾಖ ಸಾಮಾನ್ಯದ್ದಲ್ಲ. ಎದುರಿನ ಬೇಕರಿಯವನು ಒಲೆ ಹಚ್ಚುವುದನ್ನೇ ಬಿಟ್ಟು, ಬ್ರೆಡ್ಡಿನ ತಟ್ಟೆಗಳನ್ನು ಬಾಗಿಲ ಕಡೆ ತಿರುಗಿಸಿ ಇಡುತ್ತಿದ್ದ ಎನ್ನುವವರಿದ್ದಾರೆ. ಆ ಶಾಖದ ನಡುವೆ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ, ಸುತ್ತಿಗೆ ಹಿಡಿದು ಅವಳು ನಿಂತಿದ್ದಳು. ಬೆರಳಿಗೆಲ್ಲ ಮಸಿ, ಅದಕ್ಕೇ ಹಣೆಗೆ ಬಿದ್ದ ಕೂದಲನ್ನು ಮಣಿಕಟ್ಟಿನಿಂದ ಸರಿಸಿದಳು. ಮಣಿಕಟ್ಟಿಗೂ ಮಸಿಯಿತ್ತು. ಎಡಹುಬ್ಬಿನ ಮೇಲೆ ಒಂದು ಕಪ್ಪು ಗೆರೆ ಮೂಡಿತು.

ಹದಿನಾಲ್ಕು ವರ್ಷದಲ್ಲಿ ನೂರಾರು ಕಾಲರ್‌ಗಳನ್ನು ಕಣ್ಣಳತೆಯಲ್ಲೇ ಕತ್ತರಿಸಿದ್ದ ಸೂಜಿಗೆ ಅಷ್ಟು ನೇರವಾದ ಗೆರೆ ಒಮ್ಮೆಯೂ ಬಂದಿರಲಿಲ್ಲ. ಕತ್ತರಿ ಎಂಬ ಪದ ಅವನ ತಲೆಯಿಂದ ಹೊರಟು ಹೋಯಿತು.

"ಏನ್ ಬೇಕಿತ್ತು?" ಎಂದಳು.

"ಅದು," ಎಂದು ಸಿಕ್ಕಿದ ಕಡೆ ಕೈ ತೋರಿಸಿದ. ಆ ಕಡೆ ಗೋಡೆಯ ಮೇಲೆ ಒಂದು ಖಡ್ಗವಿತ್ತು.

"ಅದು ನಮ್ಮಜ್ಜ ಮಾಡಿದ್ದು. ಕೊಡಲ್ಲ."

"ಅಂಥದ್ದೇ. ಹೊಸದು. ನಂಗೆ."

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನೋಡಲು ಹೆಚ್ಚೇನೂ ಇಲ್ಲದ್ದರಿಂದ ಬೇಗ ಮುಗಿಯಿತು. ಅವನ ಕೈಯಲ್ಲಿದ್ದ ಬಟ್ಟೆ ಚೀಲದ ಮೇಲೆ ಮಾತ್ರ ಅವಳ ಕಣ್ಣು ಒಂದು ಕ್ಷಣ ಹೆಚ್ಚೇ ನಿಂತಿತು.

"ಯಾಕೆ ಖಡ್ಗ?"

"ಗೋಡೆಗೆ."

"ಗೋಡೆಗೆ ಕ್ಯಾಲೆಂಡರ್ ಸಾಕಾಗಲ್ವಾ?"

"ಕ್ಯಾಲೆಂಡರ್ ವರ್ಷ ವರ್ಷ ಬದಲಾಯಿಸ್ಬೇಕಲ್ರೀ."

ಮೂಲೆಯ ಕುರ್ಚಿಯಿಂದ ಯಾರೋ ನಕ್ಕರು. ಅವಳ ಅಪ್ಪ. ಒಂದು ಕಾಲಕ್ಕೆ ಅವರ ಸುತ್ತಿಗೆಯ ಸದ್ದು ಮೂರು ಊರಿಗೆ ಕೇಳಿಸಿ, ಜನ ಗಡಿಯಾರವನ್ನು ಅದಕ್ಕೇ ಸರಿಮಾಡಿಕೊಳ್ಳುತ್ತಿದ್ದರಂತೆ. ಈಗ ಎರಡೂ ಕಣ್ಣಿಗೆ ಪೊರೆ. ಕಿವಿ ಮಾತ್ರ ಮೊದಲಿಗಿಂತ ಚುರುಕು.

"ನಮ್ಮನೇಲಿ ಒಂದು ಪದ್ಧತಿ ಇದೆ ತಮ್ಮಾ," ಎಂದರು. "ಖಡ್ಗ ಯಾರಿಗೋ, ತಿದಿ ಅವರೇ ಒತ್ತಬೇಕು. ಬೇರೆಯವರ ಗಾಳಿಗೆ ಕಾದ ಕಬ್ಬಿಣ ನಿನ್ನ ಕೈಗೆ ಒಗ್ಗಲ್ಲ. ವಾರಕ್ಕೊಂದು ದಿನದ ಹಾಗೆ ಮೂರು ತಿಂಗಳು ಬರಬೇಕಾಗುತ್ತೆ. ಆಗುತ್ತಾ?"

ಮೂರು ತಿಂಗಳು! ಸೂಜಿಗೆ ಆಗದೆ ಏನು? ಮೂವತ್ತು ವರ್ಷ ಎಂದಿದ್ದರೂ ಹಾಸಿಗೆ ಕಟ್ಟಿಕೊಂಡು ಬರುತ್ತಿದ್ದ. "ಸೋಮವಾರ ನಮ್ಮಂಗಡಿಗೆ ರಜ," ಎಂದ.

ಅಳತೆ ತೆಗೆಯುವಾಗ ಅವಳು ದಾರ ಹಿಡಿದು ಅವನ ಭುಜದಿಂದ ಮಣಿಕಟ್ಟಿಗೆ ಬಂದಳು. ಹುಟ್ಟಿದಾಗಿನಿಂದ ಇಡೀ ಊರಿನ ಅಳತೆ ತೆಗೆದವನ ಅಳತೆಯನ್ನು ಯಾರೂ ತೆಗೆದಿರಲಿಲ್ಲ. ಅವಳ ಹೆಬ್ಬೆರಳು ಮೊಣಕೈ ಹತ್ತಿರ ಒಂದು ಗಳಿಗೆ ನಿಂತಿತು.

"ತೋಳು ಅಳೆಯೋದು ಹೀಗಲ್ಲ," ಎಂದ. "ಸ್ವಲ್ಪ ಮಡಚಿ ಅಳೀಬೇಕು."

"ಇದು ಷರ್ಟಲ್ಲ ಟೈಲರೇ. ಸುಮ್ನೆ ನಿಂತ್ಕೊಳ್ಳಿ. ಉಸಿರು ಬಿಡಬಹುದು, ಅದಕ್ಕೇನೂ ಅಡ್ಡಿಯಿಲ್ಲ."

ಆಗಲೇ ಅವನಿಗೆ ಗೊತ್ತಾಗಿದ್ದು, ತಾನು ಉಸಿರು ಬಿಟ್ಟಿರಲಿಲ್ಲ ಎಂದು.

ಮನೆಯಲ್ಲಿ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. ಅಂಗಡಿಯ ಗುಂಡಿ, ಕಾಜಾ, ಗಿರಾಕಿಗಳ ಜಗಳ ಎಲ್ಲ ಅವಳದೇ ಇಲಾಖೆ.

"ಖಡ್ಗಾನಾ? ಈರುಳ್ಳಿ ಹೆಚ್ಚು ಅಂದ್ರೆ ಬೆರಳು ಹೆಚ್ಕೊಂಡು ಬರ್ತೀಯ ನೀನು! ಯಾರ ಮೇಲೋ ಯುದ್ಧ?"

"ಸುಮ್ನಿರಕ್ಕ."

"ಕತ್ತರಿ ಎಲ್ಲಿ? ಸಾಣೆ ಆಯ್ತಾ?"

ಆಗಿರಲಿಲ್ಲ. ಮುಂದಿನ ವಾರವೂ ಆಗಲಿಲ್ಲ. ಕತ್ತರಿಗೆಂದು ಬಂದವನು ಖಡ್ಗ ಕೇಳಿದೆ ಎಂದು ಯಾವ ಮುಖದಲ್ಲಿ ಹೇಳುವುದು? ಬೇರೆ ಕಡೆ ಸಾಣೆ ಹಿಡಿಸಲು ಮನಸ್ಸು ಒಪ್ಪಲಿಲ್ಲ. ಅದೇ ಮೊಂಡು ಕತ್ತರಿ ಪ್ರತಿ ಸೋಮವಾರ ಚೀಲದಲ್ಲಿ ಕುಳಿತು ಕುಲುಮೆಗೆ ಹೋಗಿ, ಹಾಗೇ ವಾಪಸ್ಸು ಬರುತ್ತಿತ್ತು. ಉಳಿದ ದಿನ ಅವನು ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಅಗಿಯುತ್ತಿದ್ದ. ಆ ಮೂರು ತಿಂಗಳು ಊರಿನ ಅರ್ಧ ಗಂಡಸರ ಅಂಗಿಯ ಅಂಚು ಇಲಿ ಕಡಿದ ಹಾಗಿತ್ತು.

ಮೊದಲ ಸೋಮವಾರ ತಿದಿ ಒತ್ತಿ ಅವನ ಅಂಗೈಯಲ್ಲಿ ಎದ್ದ ಬೊಬ್ಬೆಗಳು ನಿಂಬೆಹಣ್ಣಿನ ಗಾತ್ರದವು. ಎರಡನೇ ಸೋಮವಾರ ಒಡೆದವು. ಮೂರನೇ ಸೋಮವಾರ ಅವಳು ಒಂದು ಚಿಂದಿ ಬಟ್ಟೆಯನ್ನು ಅವನ ಕೈಗೆ ಸುತ್ತಿ ಗಂಟು ಹಾಕಿದಳು. ಗಂಟು ಹಾಕುವಾಗ ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದಳು. ಆಮೇಲೆ ಒಂದು ವಾರ ಅವನು ಆ ಬಟ್ಟೆ ಬಿಚ್ಚಲಿಲ್ಲ. ಅಕ್ಕ ಮೂಗು ಮುಚ್ಚಿಕೊಂಡು ಊಟ ಬಡಿಸಿದಳು.

ಉಕ್ಕನ್ನು ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿಯುತ್ತಿದ್ದಳು. ಒಂದು ಪದರ ಎರಡಾಗಿ, ಎರಡು ನಾಲ್ಕಾಗಿ.

"ಇದು ಪ್ಲೀಟ್ ಹಾಕಿದ ಹಾಗೇ," ಎಂದ ಸೂಜಿ.

"ನಿಮ್ಮ ಪ್ಲೀಟು ಒಂದು ಒಗೆತಕ್ಕೆ ಹೋಗುತ್ತೆ. ಇದು ಸತ್ರೂ ಬಿಚ್ಚಲ್ಲ." ಸುತ್ತಿಗೆ ಎತ್ತಿದವಳು ಓರೆಗಣ್ಣಿನಲ್ಲಿ ಅವನನ್ನು ನೋಡಿ, ನೋಡಿದ್ದು ಗೊತ್ತಾಗದಿರಲಿ ಎಂದು ಜೋರಾಗಿ ಬಡಿದಳು. ಕಿಡಿ ಹಾರಿ ಅವನ ಅಂಗಿಯಲ್ಲಿ ಒಂದು ತೂತಾಯಿತು. ಊರಿನವರ ತೂತನ್ನೆಲ್ಲ ಹೊಲಿದವನು ಅದೊಂದನ್ನು ಹೊಲಿಯದೆ ಬಿಟ್ಟ.

ಎಂಟನೇ ವಾರ ಒಂದು ತೊಡಕು ಬಂತು. ಅಲಗಿಗೆ ನೀರು ಕುಡಿಸುವುದು, ಅಂದರೆ ಕೆಂಪಗೆ ಕಾದದ್ದನ್ನು ಒಮ್ಮೆಲೇ ತೊಟ್ಟಿಯಲ್ಲಿ ಅದ್ದುವುದು, ಖಡ್ಗದ ಹಣೆಬರಹ ಬರೆಯುವ ಕೆಲಸ. ಕೆಂಪು ಕಡಿಮೆಯಾದರೆ ಅಲಗು ಮೆತ್ತಗೆ, ಹೆಚ್ಚಾದರೆ ಸೀಳು. ಇಕ್ಕಳ ಹಿಡಿದವರಿಗೆ ಎದುರಿನ ಝಳದಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಆ ಮನೆಯಲ್ಲಿ ಒಬ್ಬರು ಪಕ್ಕಕ್ಕೆ ನಿಂತು "ಈಗ" ಎನ್ನುತ್ತಿದ್ದರು, ಇನ್ನೊಬ್ಬರು ಅದ್ದುತ್ತಿದ್ದರು. ಹೇಳುವವರು ಅಪ್ಪ. ಆ ಕಣ್ಣಿಗೇ ಈಗ ಪೊರೆ.

"ಕೆಂಪು ಅಂದ್ರೆ ಎಂಥಾ ಕೆಂಪು?" ಎಂದು ಕೇಳಿದ ಸೂಜಿ.

"ಕೆಂಪಲ್ಲಿ ಎಷ್ಟಿರುತ್ತೆ?" ಎಂದಳು ಅವಳು.

ಮುಂದಿನ ಸೋಮವಾರ ಅವನು ದಾರದ ಶೇಡ್ ಕಾರ್ಡ್ ತಂದ. ಅದರಲ್ಲಿ ಕೆಂಪೇ ಅರವತ್ತಿತ್ತು. ಜಗತ್ತಿನಲ್ಲಿ ಸೂಜಿಗೆ ಹೆದರಿಕೆಯಿಲ್ಲದ ವಿಷಯವೊಂದಿದ್ದರೆ ಅದು ಬಣ್ಣ. ಊರು ನಡುಗುವ ಹೆಡ್‌ಮೇಡಂಗೇ, "ನಿಮ್ಮ ರವಿಕೆ ಸೀರೆಗಿಂತ ಅರ್ಧ ಶೇಡ್ ಹಿಂದಿದೆ" ಎಂದು ಮುಖಕ್ಕೆ ಹೇಳಿದವನು. ಬಣ್ಣದಲ್ಲಿ ಅವನಿಗೆ ಸುಳ್ಳು ಬರುತ್ತಿರಲಿಲ್ಲ.

ಕಿಟಕಿ ಮುಚ್ಚಿ, ಉಕ್ಕಿನ ಪಟ್ಟಿಯ ತುಂಡುಗಳನ್ನು ಒಂದೊಂದಾಗಿ ಕಾಯಿಸಿ ಅದ್ದಿದರು. ಅವನು ಪ್ರತಿಯೊಂದರ ಕೆಂಪಿಗೂ ಕಾರ್ಡಿನ ನಂಬರ್ ಹೇಳಿದ. ಅಪ್ಪ ತುಂಡುಗಳನ್ನು ಕಲ್ಲಿಗೆ ತಟ್ಟಿ ಕಿವಿಗೆ ಹಿಡಿದು, ಹದಿನೇಳನೆಯದಕ್ಕೆ ತಲೆಯಾಡಿಸಿದರು. "ಇದು. ಇದೇ ಸದ್ದು."

"ಇನ್ನೂರ ಹದಿನೆಂಟು," ಎಂದ ಸೂಜಿ.

ಅವಳು ಕಾರ್ಡಿನಲ್ಲಿ ಆ ನಂಬರಿನ ದಾರದ ಮೇಲೆ ಬೆರಳಿಟ್ಟಳು. ಅವನ ಬೆರಳು ಮೊದಲೇ ಅಲ್ಲಿತ್ತು. ಇಬ್ಬರೂ ತೆಗೆಯಲಿಲ್ಲ. ಅಪ್ಪ ಕಾಣದ ಕಣ್ಣನ್ನು ಮರ್ಯಾದೆಗೆ ಇನ್ನೊಂದು ಕಡೆ ತಿರುಗಿಸಿಕೊಂಡರು.

ನೀರು ಕುಡಿಸುವ ಸೋಮವಾರ ಬಂತು. ಹಿಂದಿನ ರಾತ್ರಿಯೆಲ್ಲ ಸೂಜಿ ಒಂದೇ ಲೆಕ್ಕ ಹಾಕಿದ್ದ: ನಾಳೆ ಅಲಗು ಗಟ್ಟಿಯಾದರೆ ತಿದಿಯ ಕೆಲಸ ಮುಗಿಯಿತು. ಅಲ್ಲಿಗೆ ಹೋಗಲು ಬೇರೆ ನೆಪವಿಲ್ಲ. ಒಂದು ನಂಬರು, ಬರೀ ಒಂದು ನಂಬರು ತಡವಾಗಿ ಹೇಳಿದರೆ ಅಲಗು ಸೀಳುತ್ತದೆ. ಮತ್ತೆ ಮೊದಲಿನಿಂದ, ಮತ್ತೆ ಮೂರು ತಿಂಗಳು. ಯಾರಿಗೂ ಗೊತ್ತಾಗುವುದಿಲ್ಲ.

ಕಿಟಕಿಗಳು ಮುಚ್ಚಿದವು. ನಡುಮಧ್ಯಾಹ್ನವೇ ಕುಲುಮೆ ಕತ್ತಲಾಯಿತು. ಅವನು ತಿದಿ ಒತ್ತಿದ. ಅಲಗು ಕಪ್ಪಿನಿಂದ ಕಂದಿಗೆ, ಕಂದಿನಿಂದ ಕೆಂಪಿಗೆ ಏರಿತು. ಇನ್ನೂರ ಹತ್ತು. ಹದಿಮೂರು. ಹದಿನಾರು. ಸೂಜಿಯ ಎದೆ ಹೊಡೆದುಕೊಂಡ ಸದ್ದಿಗೆ ಬೇಕರಿಯಲ್ಲಿ ಎರಡು ಗಾಜಿನ ಜಾಡಿ ಒಡೆದವು.

ಹದಿನೆಂಟು.

"ಈಗ," ಎಂದ.

ಹೇಳಿಬಿಟ್ಟ. ತಿದಿಯಿಂದ ಕೈ ತೆಗೆದ. ಮುಗಿಯಿತು ಎಂದುಕೊಂಡ.

ಅವಳು ಅಲಗನ್ನು ತೆಗೆಯಲಿಲ್ಲ. ಕೆಂಡ ಇನ್ನೂ ಉರಿಯುತ್ತಿತ್ತು. ಹತ್ತೊಂಬತ್ತಾಯಿತು. ಇಪ್ಪತ್ತಾಯಿತು. "ಈಗ!" ಎಂದ ಮತ್ತೆ. ಅವಳು ಅಲಗಿನ ಕಡೆ ನೋಡುತ್ತಲೇ ಇರಲಿಲ್ಲ. ಅವನ ಕಡೆ ನೋಡುತ್ತಿದ್ದಳು, ನೆಟ್ಟಗೆ. ಆ ಬೆಳಕಿನಲ್ಲಿ ಅವಳ ಮುಖ ಯಾವ ಕಾರ್ಡಿನಲ್ಲೂ ಇಲ್ಲದ ಬಣ್ಣದಲ್ಲಿತ್ತು. ಅಲಗು ಕಿತ್ತಳೆಗೆ ತಿರುಗಿದ ಮೇಲೆ ನಿಧಾನವಾಗಿ ಎತ್ತಿ ತೊಟ್ಟಿಗೆ ಅದ್ದಿದಳು.

ಭುಸ್ಸೆಂದು ಹಬೆ ಎದ್ದಿತು. ಒಳಗಿನಿಂದ, ಗಾಜಿನ ಬಳೆ ಒಡೆದಷ್ಟೇ ಸಣ್ಣದಾಗಿ, ಟಿಣ್ ಎಂದಿತು.

ಸೂಜಿ ತೊಟ್ಟಿಯೊಳಗೆ ಬಗ್ಗಿ ನೋಡಿದ. "ನಾನು ಮೆಲ್ಲಗೆ ಹೇಳ್ದೆ ಅನ್ಸುತ್ತೆ. ನಿಮ್ಗೆ ಕೇಳಿಸ್ಲಿಲ್ಲ."

"ಕೇಳಿಸ್ತು."

"ಮತ್ತೆ ನಂಬರ್ ತಪ್ಪಿತ್ತಾ?"

"ನಂಬರ್ ಸರಿಯಾಗೇ ಇತ್ತು." ಅವಳು ಸೀಳಿದ ಅಲಗನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು, ಬೇಕಾಗಿದ್ದಕ್ಕಿಂತ ಬಹಳ ಹೊತ್ತು. "ನೀವು ತಪ್ಪು ಹೇಳ್ತೀರ ಅಂದ್ಕೊಂಡಿದ್ದೆ. ಹೇಳ್ಲಿಲ್ಲ. ಅದಕ್ಕೇ ಅದ್ದೋ ಮುಂಚೆ ನಾನು ನಾಲ್ಕು ಎಣಿಸ್ಬೇಕಾಯ್ತು."

ಮೂಲೆಯಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡರು. "ನನ್ನ ಮಗಳು ನೂರು ಅಲಗಿಗೆ ನೀರು ಕುಡಿಸಿದ್ದಾಳೆ. ಒಂದಕ್ಕೂ ಇದುವರೆಗೆ ನೆತ್ತಿಗೆ ಹತ್ತಿರಲಿಲ್ಲ." ಎದ್ದು, ಗೋಡೆ ತಡವುತ್ತ ಹೊರಟರು. "ನಾನು ಬೇಕರಿಗೆ ಹೋಗಿ ಟೀ ಕುಡಿದು ಬರ್ತೀನಿ. ನಿಧಾನಕ್ಕೆ ಕುಡೀತೀನಿ."

ಕುಲುಮೆಯಲ್ಲಿ ಇಬ್ಬರೇ ಉಳಿದರು. ಜಿರಳೆಗೆ ಮೇಜು ಹತ್ತುವವನು ಹತ್ತಲು ಮೇಜು ಹುಡುಕಿದ. ಇರಲಿಲ್ಲ.

"ನಂಗೆ ಖಡ್ಗ ಬೇಡ್ರೀ," ಎಂದ. "ಬೇಕಾಗೇ ಇರ್ಲಿಲ್ಲ. ನಾನು ಬಂದಿದ್ದು..."

"ಕತ್ತರಿಗೆ."

ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ಮೊದಲ ದಿನವೇ ಚೀಲದ ತೂತಿಂದ ಮೂತಿ ಹೊರಗೆ ಹಾಕಿತ್ತು. ಟೈಲರ್ ಅಂತೆ, ಸ್ವಂತ ಚೀಲ ಹೊಲ್ಕೊಳ್ಳೋಕಾಗಲ್ಲ. ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಕಾದೆ. ಕೊಡಿ ಇಲ್ಲಿ."

ಕತ್ತರಿಯನ್ನು ಸಾಣೆಗೆ ಹಿಡಿದಳು. ಎರಡು ನಿಮಿಷದ ಕೆಲಸ. ಹೆಬ್ಬೆರಳಿನಿಂದ ಬಾಯಿ ನೋಡಿ ಕೊಟ್ಟಳು. "ತಗೊಳ್ಳಿ. ಬಂದ ಕೆಲಸ ಆಯ್ತು. ಇನ್ನು ಹೋಗಬಹುದು."

ಸೂಜಿ ಕತ್ತರಿಯನ್ನು ನೋಡಿದ. ಬಾಗಿಲನ್ನು ನೋಡಿದ. ಆಮೇಲೆ ತನ್ನ ಕರವಸ್ತ್ರ ತೆಗೆದು, ಮೂರು ತಿಂಗಳಿಂದ ಕೈ ತುರಿಸುತ್ತಿದ್ದ ಕೆಲಸವನ್ನು ಮಾಡಿದ: ಅವಳ ಎಡಹುಬ್ಬಿನ ಮೇಲಿನ ಮಸಿಯ ಗೆರೆಯನ್ನು ಒರೆಸಿದ.

"ಹೋಗಲ್ಲ," ಎಂದ. "ನೀವು ಹೋಗು ಅಂದ್ರೂ ಹೋಗಲ್ಲ."

"ಅಬ್ಬಾ," ಎಂದಳು. "ಇಷ್ಟು ಹೇಳೋಕೆ ಮೂರಡಿ ಉಕ್ಕು ಹಾಳಾಯ್ತು."

ಆರ್ಡರ್ ತೆಗೆದುಕೊಂಡ ಮೇಲೆ ಮಾಡಿಕೊಡದೆ ಬಿಡುವುದು ಆ ಮನೆಯಲ್ಲಿ ಇರಲಿಲ್ಲ. ಮರುವಾರವೇ ಹೊಸ ಉಕ್ಕು ಕಾಯಿತು. ಎರಡನೇ ಅಲಗಿಗೆ ನೀರು ಕುಡಿಸುವ ಹೊತ್ತಿಗೆ ಟೈಲರ್ ಅಂಗಡಿ ಕುಲುಮೆಯ ಪಕ್ಕದ ಕೋಣೆಗೆ ಬಂದು, ಅಕ್ಕ ಅಲ್ಲೂ ಜಗಳಕ್ಕೆ ಗಿರಾಕಿಗಳನ್ನು ಹುಡುಕಿಕೊಂಡಾಗಿತ್ತು. ಆ ದಿನ ಸೂಜಿ ಮತ್ತೆ ತಿದಿ ಒತ್ತಿ, ಇನ್ನೂರ ಹದಿನೆಂಟಕ್ಕೆ ಸರಿಯಾಗಿ "ಈಗ" ಎಂದ.

ಅವಳು ತಕ್ಷಣ ಅದ್ದಿದಳು. ಹಬೆ ಇಳಿಯಿತು. ಯಾವ ಸದ್ದೂ ಬರಲಿಲ್ಲ. ಅಲಗು ನೆಟ್ಟಗೆ, ನೀಲಿಯಾಗಿ, ಕೂದಲೆಳೆಯಷ್ಟೂ ಸೀಳಿಲ್ಲದೆ ಮೇಲೆ ಬಂತು.

"ಯಾಕೆ," ಎಂದ ಅವನು, "ಈ ಸಲ ನಾಲ್ಕು ಎಣಿಸ್ಲಿಲ್ಲ?"

"ದಿನಾ ಬರೋನಿಗೆ ಯಾಕೆ ಎಣಿಸ್ಲಿ?" ಎಂದಳು, ಮಣಿಕಟ್ಟಿನಿಂದ ಕೂದಲು ಸರಿಸುತ್ತ. ಎಡಹುಬ್ಬಿನ ಮೇಲೆ ಮತ್ತೆ ಗೆರೆ ಮೂಡಿತು. ಅವನ ಕೈ ಆಗಲೇ ಕರವಸ್ತ್ರದ ಮೇಲಿತ್ತು.