ಜುಬೈರ್ ಕೊಳವೆಯ ಕಾವಲುಗಾರ

2004ರ ಜುಲೈ 12, ಸಂಜೆ ಐದೂವರೆ. ಬಸ್ರಾ ಬಳಿಯ ಜುಬೈರ್ ಠಾಣೆಗೆ ಬದ್ರಿಯಾ ಎಂಬ ಹೆಂಗಸು ಬಂದು ದೂರು ಕೊಟ್ಟಳು. ತೈಲ ಕೊಳವೆಯ ಕಾವಲಿಗಿದ್ದ ಅವಳ ಗಂಡ ಖಲಫ್ ಮಧ್ಯಾಹ್ನದ ಬೆಂಕಿಯಲ್ಲಿ ತನ್ನ ಕಾವಲು ಗುಡಿಸಲಿನೊಳಗೇ ಸುಟ್ಟು ಸತ್ತಿದ್ದ. ಇನ್ಸ್‌ಪೆಕ್ಟರ್ ಶಾಕಿರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ನಿಅಮಾನೊಂದಿಗೆ ಸ್ಥಳಕ್ಕೆ ಹೊರಟ.

ಅಲ್ಲಿ ವಿದೇಶಿ ಸೈನ್ಯದ ಅಧಿಕಾರಿಯೊಬ್ಬ ಆಗಲೇ ಬಂದು ನಿಂತಿದ್ದ.

"ಉಗ್ರರ ಕೆಲಸ ಅಂತ ಬರೆದು ಮುಗಿಸ್ಬೇಕಂತೆ ಸಾಹೇಬ್ರೇ," ಎಂದ ಅವನ ದುಭಾಷಿ.

"ದೂರು ಕೊಟ್ಟಿರೋದು ಸತ್ತವನ ಹೆಂಡ್ತಿ. ಮುಗಿಸೋದು ನಾನು ಅನ್ನು," ಎಂದ ಶಾಕಿರ್.

ನಿಅಮಾ ಗೊಣಗಿದ: "ಎಣ್ಣೆ ಎಷ್ಟು ಸುಡ್ತು ಅಂತ ಆಗ್ಲಿಂದ ಕೇಳ್ತಾವ್ರೆ. ಸತ್ತೋನ ಹೆಸರು ಮಾತ್ರ ಕೇಳಿಲ್ಲ."

ಪಂಚನಾಮೆ ನಡೆಯಿತು. ಸ್ಫೋಟಕದ ಗುರುತಿಲ್ಲ. ಕೊಳವೆಯ ವಾಲ್ವಿನ ಬೋಲ್ಟುಗಳನ್ನು ಸಡಿಲಿಸಿ, ಸೋರಿದ ಎಣ್ಣೆಗೆ ಬೆಂಕಿ ಇಟ್ಟಿದ್ದರು. ಮರಳಿನಲ್ಲಿ ಒಂದು ಸ್ಪ್ಯಾನರ್, ಹರಿದ ಹಾಸಿಗೆ ಬಟ್ಟೆಯ ತುಂಡು ಸಿಕ್ಕವು. ಬಟ್ಟೆಯ ಮೂಲೆಯಲ್ಲಿ ಊರಿನ ಹೆರಿಗೆ ಆಸ್ಪತ್ರೆಯ ಮುದ್ರೆಯಿತ್ತು.

ಆಸ್ಪತ್ರೆಯಲ್ಲಿ ಸ್ಪ್ಯಾನರ್ ಬೇಕಾಗುವುದು ಜನರೇಟರ್ ಕೋಣೆಯಲ್ಲೇ ಎಂದು ಮರುದಿನ ಬೆಳಿಗ್ಗೆ ಶಾಕಿರ್ ನಿಅಮಾನೊಂದಿಗೆ ಅಲ್ಲಿಗೆ ಹೋದ. ಅಲ್ಲಿಯ ಕೆಲಸಗಾರ ಫಾಲಿಹ್ ಎದ್ದು ನಿಂತ. ಎಡಗೈಗೆ ಬ್ಯಾಂಡೇಜ್ ಇತ್ತು.

"ಕೈಗೇನಾಯ್ತು?"

"ಹೊಗೆ ಕೊಳವೆ ತಗುಲ್ತು."

ಗೋಡೆಯ ಮೇಲೆ ಸ್ಪ್ಯಾನರುಗಳು ಸಾಲಾಗಿ ತೂಗುತ್ತಿದ್ದವು. ನಡುವೆ ಒಂದು ಮೊಳೆ ಬರಿದಾಗಿತ್ತು. ಶಾಕಿರ್ ಚೀಲದಿಂದ ಸ್ಪ್ಯಾನರ್ ತೆಗೆದು ಅಲ್ಲಿ ತೂಗುಹಾಕಿದ. "ಅದು ನಂದೇ," ಎಂದ ಫಾಲಿಹ್.

"ಯಾಕೆ ಮಾಡ್ದೆ?"

"ಹೋದ ವರ್ಷ ಈ ವಿದೇಶಿ ಸೈನ್ಯ ಬಂತಲ್ಲ, ಆ ವಾರ ನನ್ನ ಮಗಳು ಇಲ್ಲೇ ಕರೆಂಟಿನ ಗಾಜಿನ ಪೆಟ್ಟಿಗೇಲಿದ್ಲು. ತಿಂಗಳು ತುಂಬ್ದೆ ಹುಟ್ಟಿದ್ಲು. ಲೂಟಿ ಮಾಡೋರು ಜನರೇಟರಿಗೆ ಕೈ ಹಾಕಿದ್ರು. ನಾನು ಓಡಿದೆ. ತೈಲ ಕಚೇರಿ ಬಾಗಿಲಲ್ಲಿ ಅವರ ಎರಡು ಟ್ಯಾಂಕ್ ನಿಂತಿದ್ವು. ಒಂದನ್ನ ಆಸ್ಪತ್ರೆ ಕಡೆ ತಿರುಗಿಸಿ ಸ್ವಾಮಿ ಅಂತ ಕಾಲಿಗೆ ಬಿದ್ದೆ. ಈ ಬಾಗಿಲು ಕಾಯೋಕೆ ಮಾತ್ರ ಅಪ್ಪಣೆ ಅಂದ್ರು."

"ಮಗು?"

"ನಾನು ವಾಪಸ್ ಬರೋಷ್ಟರಲ್ಲಿ ತಣ್ಣಗಾಗಿತ್ತು."

ನಿಅಮಾ ಮುಖ ತಿರುಗಿಸಿದ.

"ಖಲಫ್ ಏನು ಮಾಡಿದ್ದ ನಿಂಗೆ?"

"ಏನೂ ಇಲ್ಲ ಸಾಹೇಬ್ರೇ! ಗುಡಿಸಲು ಖಾಲಿ ಇದೆ ಅನ್ಕೊಂಡೆ. ಅವರ ಎಣ್ಣೆ ಸುಡಬೇಕು, ಅಷ್ಟೇ ಇದ್ದಿದ್ದು. ಒಳಗೆ ಮನುಷ್ಯ ಮಲಗಿದ್ದ ಅಂತ ಸಂಜೆ ಗೊತ್ತಾಯ್ತು."

ಅವನನ್ನು ಬಂಧಿಸಿ ಠಾಣೆಗೆ ತಂದರು. ವಿದೇಶಿ ಅಧಿಕಾರಿ ಆರೋಪಿಯನ್ನು ತನಗೆ ಒಪ್ಪಿಸುವಂತೆ ಹೇಳಿಕಳಿಸಿದ. ಇದು ಕೊಲೆ ಪ್ರಕರಣ, ನಮ್ಮ ನ್ಯಾಯಾಲಯಕ್ಕೇ ಹೋಗುತ್ತದೆ ಎಂದು ಶಾಕಿರ್ ಬರೆದು ಕಳಿಸಿದ. ಆ ಉತ್ತರಕ್ಕೆ ತನ್ನ ಕೆಲಸ ಹೋದರೂ ಹೋಗಬಹುದೆಂದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಬದ್ರಿಯಾ ಬಂದಳು. ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಲಾಕಪ್ಪಿನ ಸರಳಿನ ಹತ್ತಿರ ಹೋಗಿ ಫಾಲಿಹನ ಎದುರು ನಿಂತಳು.

"ಬೆಂಕಿ ಇಡೋ ಮುಂಚೆ ಒಂದ್ಸಲ ಕೂಗಬಾರ್ದಿತ್ತೇನಪ್ಪಾ?"

"ಕೂಗಿದೆ ಅಕ್ಕಾ. ದೇವರಾಣೆ, ಗಂಟಲು ಹರಿಯೋ ಹಾಗೆ ಕೂಗಿದೆ. ಯಾರೂ ಓಗೊಡ್ಲಿಲ್ಲ."

ಬದ್ರಿಯಾ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

"ನಮ್ಮನೆಯವರಿಗೆ ಕಿವಿ ಕೇಳ್ತಿರ್ಲಿಲ್ಲ," ಎಂದಳು. "ಆ ಸೈನ್ಯ ಬಂದಾಗ ನಮ್ಮ ಬೀದಿಗೆ ಬಾಂಬು ಬಿತ್ತಲ್ಲ, ಆವತ್ತಿಂದ."